ಅನುಮಾನದ ಪುಸ್ತಕ

ಜೂನ್ ೩, ಮಂಗಳವಾರ

ಕೈ ಇನ್ನೂ ಒದ್ದೆಯಿದೆ. ಅಕ್ಷರ ಸೊಟ್ಟಗಾದರೆ ಆಗಲಿ, ಇದನ್ನು ಓದುವವರು ಯಾರಿದ್ದಾರೆ! ಔಷಧಿ ಕಂಪನಿಯವನು ಜನವರಿಯಲ್ಲಿ ಕೊಟ್ಟ ಡೈರಿ ಇದು. ಐದು ತಿಂಗಳು ಇದರ ಮೇಲೆ ಟೀ ಲೋಟ ಇಟ್ಟಿದ್ದೆ. ಇವತ್ತು ಯಾರಿಗಾದರೂ ಹೇಳದಿದ್ದರೆ ಎದೆ ಒಡೆದುಹೋಗುತ್ತದೆ. ಹೇಳಿಕೊಳ್ಳಲು ನನಗಿರುವವಳು ಅಕ್ಕ ಒಬ್ಬಳೇ, ಇದನ್ನು ಅವಳಿಗೇ ಹೇಳುವಂತಿಲ್ಲ.

ಬರೆಯುವುದಾದರೆ ನೋವು ಎಲ್ಲಿ ಶುರುವಾಯಿತೋ ಅಲ್ಲಿಂದ ಬರೆಯಬೇಕು. ರೋಗಿಗಳಿಗೆ ಅಕ್ಕ ಹೇಳುವುದು ಹಾಗೆ; ಅವಳು ಡಾಕ್ಟರು, ಅವಳ ಕ್ಲಿನಿಕ್ಕಿನ ಮಾತ್ರೆ ಕೌಂಟರಿನಲ್ಲಿ ನಾನು. ಜೂನ್ ತಿಂಗಳ ಹಸಿರು ದಾರದ ಫೈಲುಗಳನ್ನು ಬೆಳಿಗ್ಗೆ ಹೊರಗೆ ತೆಗೆದೆ. ನಮ್ಮ ಕ್ಲಿನಿಕ್ಕಿನಲ್ಲಿ ಮರೆವಿನ ಕಾಯಿಲೆ ಇರುವವರ ಫೈಲಿಗೆ ಹಸಿರು ದಾರ ಕಟ್ಟುತ್ತೇವೆ. ಅಂಥವರು ಇನ್ನೂ ಮಾತಾಡಬಲ್ಲವರಾಗಿರುವಾಗಲೇ ಅಕ್ಕ ಅವರನ್ನು ಕೂರಿಸಿಕೊಂಡು ಕೇಳುತ್ತಾಳೆ. ಮುಂದೆ ನಿಮ್ಮನ್ನು ಹೇಗೆ ನೋಡಿಕೊಳ್ಳಬೇಕು, ಏನು ಬೇಕು, ಏನು ಬೇಡ, ನಿಮ್ಮ ಪರವಾಗಿ ಯಾರು ಮಾತಾಡಬೇಕು, ಯಾವ ದಿನ ಏನು ಬದಲಾಗಬೇಕು. ಎಲ್ಲವನ್ನೂ ಅವರ ಮಾತಿನಲ್ಲೇ ಬರೆದುಕೊಳ್ಳುತ್ತಾಳೆ. ಕೊನೆಯಲ್ಲಿ ಎರಡು ಗೆರೆ: ಮೇಲಿನದು ರೋಗಿಯ ಸಹಿಗೆ, ಕೆಳಗಿನದು ಡಾಕ್ಟರ ಸಹಿಗೆ. ಮೂರು ತಿಂಗಳಿಗೊಮ್ಮೆ ಅದನ್ನು ಅವರಿಗೇ ಓದಿ ಹೇಳಿ "ಇದು ಈಗಲೂ ಸರೀನಾ?" ಎಂದು ಕೇಳಿ, ಇಬ್ಬರೂ ಮತ್ತೆ ಸಹಿ ಹಾಕಬೇಕು.

ಹದಿನೇಳು ಫೈಲು ಇರಬೇಕಿತ್ತು, ಹದಿನೆಂಟು ಬಂದವು. ಇನ್ನೊಮ್ಮೆ ಎಣಿಸಿದೆ, ಹದಿನೆಂಟೇ. ಒಂದರ ಮೇಲೆ ಹೆಸರಿಲ್ಲ. ಒಳಗೆ ಅಕ್ಕನ ಅಕ್ಷರ, ಕೆಳಗಿನ ಗೆರೆಯಲ್ಲಿ ಅಕ್ಕನ ಸಹಿ, ಮೇಲಿನ ಗೆರೆ ಖಾಲಿ. ಯಾರದೆಂದು ತಿಳಿಯಲು ಓದತೊಡಗಿದೆ.

"ನಾನಿನ್ನೂ ಕೆಲಸ ಮಾಡುತ್ತಿದ್ದೇನೆ. ಆದಷ್ಟು ದಿನ ಮಾಡಬೇಕೆಂದಿದ್ದೇನೆ. ನನ್ನ ಪರವಾಗಿ ನನ್ನ ತಂಗಿ ಮಾತಾಡಲಿ. ಅವಳಿಗೆ ಈಗಲೇ ಹೇಳಬೇಡಿ. ಹೇಳಿದಾಗ ಮೊದಲು ಕೂಗಾಡುತ್ತಾಳೆ, ಕೂಗಾಡಲಿ ಬಿಡಿ. ಆಮೇಲೆ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತಾಳೆ. ತಡೆಯಬೇಡಿ."

ನಾನು ನಕ್ಕೆ! ಎಂಥಾ ತಂಗಿಯಪ್ಪಾ ಇವಳು, ಇಂಥವಳ ಕೈಗೆ ಸಿಕ್ಕಿ ಆ ಹೆಂಗಸಿನ ಗತಿ ಏನಾಗುತ್ತದೋ ಅಂದುಕೊಂಡೆ. ಮುಂದಿನ ಸಾಲು ಹೀಗಿತ್ತು: "ತಂಗಿಯನ್ನು ನಾನು ಪಟಾಕಿ ಎಂದು ಕರೆಯುತ್ತೇನೆ."

ಈ ಭೂಮಿಯ ಮೇಲೆ ಪಟಾಕಿ ಅನ್ನಿಸಿಕೊಳ್ಳುವವಳು ನಾನೊಬ್ಬಳೇ, ಹಾಗೆ ಕರೆಯುವವಳು ಅಕ್ಕ ಒಬ್ಬಳೇ.

ಮಾತ್ರೆಗಳ ಅಲಮಾರಿ ಹಿಡಿದುಕೊಂಡು ನಿಂತೆ. ಫೈಲಿನ ಹಿಂದಿನ ಜೇಬಿನಲ್ಲಿ ದೊಡ್ಡ ಆಸ್ಪತ್ರೆಯ ನರರೋಗ ತಜ್ಞರ ಕಾಗದ. ಮರೆವಿನ ಕಾಯಿಲೆ, ಆರಂಭದ ಹಂತ. ಇಪ್ಪತ್ತು ತಿಂಗಳ ಹಿಂದಿನ ಅಕ್ಟೋಬರ್ ೨೧. ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದಳೋ, ಈ ಸಲ ಮರೆತು ಉಳಿದವುಗಳ ಜೊತೆ ಇಟ್ಟಿದ್ದಾಳೆ. ಅವತ್ತು ಹಳೇ ಸಹಪಾಠಿಗಳನ್ನು ನೋಡಿ ಬರುತ್ತೇನೆಂದು ಹೋಗಿದ್ದಳು. ಬರುವಾಗ ನನಗೊಂದು ಛತ್ರಿ ತಂದಿದ್ದಳು. ಚೆನ್ನಾಗಿದೆ ಅಂತ ಊರಿಗೆಲ್ಲ ತೋರಿಸಿದ್ದೆ!

ಒಂದೇ ಮನೆ, ಒಂದೇ ಅಡುಗೆಮನೆ, ಒಂದೇ ಕ್ಲಿನಿಕ್. ಒಂದು ಮಾತು ಹೇಳಬಾರದಿತ್ತೇ? ಅಷ್ಟು ಬೇಡವಾದವಳಾ ನಾನು? ಸಂಜೆ ಮನೆಗೆ ಬಂದವಳೇ ಕಾರಣವಿಲ್ಲದೆ ಬಾಗಿಲಿನ ಮೇಲೆ ಕೂಗಾಡಿದೆ, ನಲ್ಲಿಯ ಮೇಲೆ ಕೂಗಾಡಿದೆ. ಅಕ್ಕ ಪೇಪರಿನಿಂದ ತಲೆ ಎತ್ತಲಿಲ್ಲ. ಈಗ ಶೆಲ್ಫಿನ ಪಾತ್ರೆಗಳನ್ನೆಲ್ಲ ಇಳಿಸಿ ತೊಳೆದಿಟ್ಟು ಬಂದು ಬರೆಯುತ್ತಿದ್ದೇನೆ.

ಜೂನ್ ೪, ಬುಧವಾರ

ಬೆಳಿಗ್ಗೆ ಅಕ್ಕ ಒಂದು ಕಾಲಿಗೆ ತನ್ನ ಚಪ್ಪಲಿ, ಇನ್ನೊಂದಕ್ಕೆ ನನ್ನದು ಹಾಕಿಕೊಂಡು ಹೊರಟಳು. ಹೋದ ವಾರವಾಗಿದ್ದರೆ "ಮಹಾರಾಯ್ತಿ, ನನಗೂ ಒಂದು ಬಿಡು" ಅಂತ ರೇಗಿಸುತ್ತಿದ್ದೆ. ಇವತ್ತು ಬಗ್ಗಿ ಬದಲಿಸಿದೆ.

ಮಧ್ಯಾಹ್ನ ಕೌಂಟರಿನ ಷಟರ್ ಎಳೆದು ಉಳಿದ ಪುಟ ಓದಿದೆ. ಓದಬಾರದಿತ್ತು. ಇಲ್ಲ, ಇಪ್ಪತ್ತು ತಿಂಗಳ ಹಿಂದೆಯೇ ಓದಬೇಕಿತ್ತು. ‘ಯಾವ ದಿನ ಏನು ಬದಲಾಗಬೇಕು’ ಎಂಬಲ್ಲಿ ಅಕ್ಕ ಬರೆದಿದ್ದಾಳೆ:

"ನನ್ನ ಔಷಧಿ ಚೀಟಿಯಲ್ಲಿ ತಪ್ಪು ಶುರುವಾದ ದಿನ ನಾನು ರೋಗಿಗಳನ್ನು ನೋಡುವುದು ನಿಲ್ಲಬೇಕು. ಅದು ನನಗೆ ಗೊತ್ತಾಗದೆ ಹೋಗಬಹುದು. ಕೌಂಟರಿನಲ್ಲಿರುವ ಪಟಾಕಿಗೆ ಮೊದಲು ಗೊತ್ತಾಗುತ್ತದೆ. ಅವಳು ಬಾಯಿ ಮುಚ್ಚಿಕೊಂಡು ಇರುವವಳಲ್ಲ. ಅವಳು ಹೇಳುವವರೆಗೆ ನಾನು ಸರಿಯಾಗಿದ್ದೇನೆ ಎಂದು ತಿಳಿದು ಕೂರುತ್ತೇನೆ."

ಓದಿದ್ದನ್ನೇ ಮೂರು ಸಲ ಓದಿದೆ.

ಅನುಮಾನದ ಪುಸ್ತಕ ಅಕ್ಕನೇ ಮಾಡಿದ ಏರ್ಪಾಡು. ಚೀಟಿಯಲ್ಲಿ ಯಾವ ಅನುಮಾನ ಬಂದರೂ ನಾನು ಆ ಪುಸ್ತಕದಲ್ಲಿ ಬರೆದು, ಒಳಗೆ ಹೋಗಿ ಕೇಳಬೇಕು. ಅಕ್ಕ ನೋಡಿ ಪಕ್ಕದಲ್ಲಿ ಸಹಿ ಹಾಕಬೇಕು. ಆಮೇಲೆಯೇ ಮಾತ್ರೆ ಕೊಡುವುದು. ಆ ಅಕ್ಟೋಬರ್ ೧೨ರಂದು ಅಕ್ಕ ಒಂದು ಮಗುವಿಗೆ ದೊಡ್ಡವರ ಅಳತೆ ಬರೆದಿದ್ದಳು. ಅಷ್ಟು ವರ್ಷದಲ್ಲಿ ಅಂಥ ತಪ್ಪು ಕಂಡಿರಲಿಲ್ಲ. ನಾನು ಎದ್ದು ಹೋಗಿ ಕೇಳಬೇಕಲ್ಲ, ನನ್ನ ಬಾಯಿಗೆ ಅಷ್ಟು ತಾಳ್ಮೆ ಎಲ್ಲಿ! ಕುಳಿತಲ್ಲಿಂದಲೇ ಕೂಗಿದೆ: "ಏನಕ್ಕ ಇದು, ಮಗೂನ ಒಂದೇ ಸಲ ಮಲಗಿಸಿಬಿಡ್ತೀಯಾ?" ಬೆಂಚಿನ ಮೇಲೆ ಕುಳಿತವರೆಲ್ಲ ತಿರುಗಿ ನೋಡಿದರು. ಅಕ್ಕನ ಮುಖ ಬಿಳುಚಿತು. ಸಹಿ ಹಾಕಿ ಅರ್ಧ ಗಂಟೆ ಬಾಗಿಲು ಹಾಕಿಕೊಂಡಳು.

ಇನ್ನೆಂದೂ ಅವಳಿಗೆ ಆ ಮುಖ ಬರಿಸುವುದಿಲ್ಲ ಅಂತ ಅವತ್ತೇ ಆಣೆ ಮಾಡಿಕೊಂಡೆ. ಆಮೇಲೆ ತಪ್ಪು ಕಂಡಾಗಲೆಲ್ಲ ಪುಸ್ತಕದಲ್ಲಿ ಬರೆಯುತ್ತಿದ್ದೆ, ಒಳಗೆ ಒಯ್ಯುತ್ತಿರಲಿಲ್ಲ. ಹಳೇ ಚೀಟಿ ನೋಡಿ ಪೆನ್ಸಿಲಿನಲ್ಲಿ ನಾನೇ ತಿದ್ದಿ ಮಾತ್ರೆ ಕೊಡುತ್ತಿದ್ದೆ. ಸುಸ್ತಾಗಿದ್ದಾಳೆ, ನಿದ್ದೆಗೆಟ್ಟಿದ್ದಾಳೆ, ವಯಸ್ಸು ಅರವತ್ತೊಂದಾಯಿತು ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. "ಮನೆಯವರೇ ಮುಚ್ಚಿಟ್ರೆ ಡಾಕ್ಟರು ಏನು ಮಾಡ್ತಾರೆ?" ಅಂತ ಇದೇ ಕೌಂಟರಿನಲ್ಲಿ ಕೂತು ಎಷ್ಟು ಮನೆಯವರನ್ನು ಬೈದಿದ್ದೇನೆ ನಾನು!

ನಾನು ಕೂಗಿದ ಒಂಬತ್ತನೇ ದಿನಕ್ಕೆ ಅಕ್ಕ ತಜ್ಞರ ಹತ್ತಿರ ಹೋಗಿದ್ದಾಳೆ. ಆಮೇಲೆ ನಾನು ಸುಮ್ಮನಾದೆ. ನಾನು ಸುಮ್ಮನಿದ್ದೇನೆ ಅಂತ ಅವಳು ಕೂತೇ ಇದ್ದಾಳೆ.

ಜೂನ್ ೫, ಗುರುವಾರ

ಇದಕ್ಕಿಂತ ಕೆಟ್ಟದ್ದು ಇರಲಾರದು ಅಂದುಕೊಂಡಿದ್ದೆ. ಇತ್ತು.

ಎದುರು ಸಾಲಿನ ಕಟಿಂಗ್ ಶಾಪಿನ ತಾತನ ಹೆಂಡತಿ ಮಾತ್ರೆಗೆ ಬಂದರು. ತಾತನಿಗೆ ಹಸಿರು ದಾರ ಕಟ್ಟಿ ಮೂರು ವರ್ಷವಾಯಿತು. ಅವರ ಯೋಜನೆ ನನಗೆ ಬಾಯಿಪಾಠ: "ಕತ್ತರಿ ಕೊಡಬೇಡಿ, ನನಗೇ ಭಯ. ಬಾಚಣಿಗೆ ಕೊಡಿ. ನನ್ನ ಕುರ್ಚಿ ತೆಗೀಬೇಡಿ." ಅದರಂತೆ ಮಗ ಕಟಿಂಗ್ ಮಾಡುತ್ತಿದ್ದ. ಕೊನೆಗೆ ತಾತ ತಮ್ಮ ಹಳೇ ಕಬ್ಬಿಣದ ಕುರ್ಚಿಯಲ್ಲಿ ಗಿರಾಕಿಯನ್ನು ಕೂರಿಸಿ ತಲೆ ಬಾಚಿ, ಕನ್ನಡಿ ತೋರಿಸಿ ಕಳಿಸುತ್ತಿದ್ದರು. ಬಾಚಿಸಿಕೊಳ್ಳುವುದಕ್ಕೆಂದೇ ಬರುವವರಿದ್ದರು. ಏಪ್ರಿಲ್‌ನಿಂದ ಅವರು ಅಂಗಡಿಗೆ ಬಂದಿಲ್ಲ. ಹಗಲೂ ರಾತ್ರಿ ನಿದ್ದೆ, ಎಬ್ಬಿಸಿದರೆ ತೊದಲು. ಮೇ ತಿಂಗಳಲ್ಲಿ ಅಕ್ಕ ಮನೆಗೇ ಹೋಗಿ ನೋಡಿ, ಕಾಯಿಲೆ ಮುಂದಿನ ಹಂತಕ್ಕೆ ಹೋಗಿದೆ ಅಂತ ಫೈಲಿನಲ್ಲಿ ಬರೆದಳು.

"ಭಾನುವಾರ ಬಿಟ್ಟು ಮುಂದಿನ ಭಾನುವಾರ ಆರೈಕೆ ಮನೆಗೆ ಸೇರಿಸ್ತಿದೀವಮ್ಮ," ಅಂದರು ಅಜ್ಜಿ. "ನನ್ನ ಕೈಲಿ ಅವರನ್ನ ಎತ್ತಿ ಕೂರ್ಸೋಕೆ ಆಗಲ್ಲ. ಐವತ್ತು ವರ್ಷ ಜೊತೆಗಿದ್ದು ಈಗ ಬಿಟ್ಟು ಬರಬೇಕು. ಹೊಟ್ಟೆಗೆ ಬೆಂಕಿ ಬಿದ್ದಂಗಾಗಿದೆ."

ಹಾಗೆನ್ನುತ್ತಾ ಚೀಟಿ ಚಾಚಿದರು. ರಾತ್ರಿ ಮಲಗುವ ಮುಂಚೆ ಅರ್ಧ ಮಾತ್ರೆ ಇರಬೇಕಾದ ಕಡೆ, ದಿನಕ್ಕೆ ಮೂರು ಸಲ ಒಂದೊಂದು. ಎರಡು ತಿಂಗಳಿಗೆ. ತಾರೀಖು ಏಪ್ರಿಲ್ ೮.

ಏಪ್ರಿಲ್ ಮೊದಲ ಎರಡು ವಾರ ನಾನು ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಪಟ್ಟಿ ಕಟ್ಟಿಕೊಂಡು ಮಲಗಿದ್ದೆ. ಬೇರೆ ಮೆಡಿಕಲ್ ಶಾಪಿನಿಂದ ಬದಲಿಗೆ ಬಂದ ಹೆಂಗಸು, ಡಾಕ್ಟರು ಬರೆದದ್ದನ್ನು ಬರೆದ ಹಾಗೇ ಕೊಟ್ಟಿದ್ದಾಳೆ. ಅವಳದೇನು ತಪ್ಪು? ಅವಳಿಗೆ ಅಕ್ಕನ ವಿಷಯ ಗೊತ್ತಿಲ್ಲ, ಗೊತ್ತಿದ್ದವಳು ಹೇಳಿ ಹೋಗಿರಲಿಲ್ಲ.

ತಾತನ ಕಾಯಿಲೆ ಮುಂದೆ ಹೋಗಿಲ್ಲ. ನಾವೇ ಅವರನ್ನು ಮಲಗಿಸಿದ್ದೇವೆ. ಎರಡು ತಿಂಗಳಿಂದ!

"ಅಜ್ಜೀ, ಒಂದು ನಿಮಿಷ ಕೂತ್ಕೊಳ್ಳಿ" ಅಂದೆ. ಸಂಜೆ ಪಾಳಿಗೆ ಬರುವ ಚಿಕ್ಕ ಡಾಕ್ಟರಿಗೆ ಫೋನು ಮಾಡಿದೆ. ಅವರು ಓಡಿ ಬಂದು ಚೀಟಿ ನೋಡಿದರು, ಅಜ್ಜಿಯ ಜೊತೆ ಮನೆಗೇ ಹೋದರು. ಒಮ್ಮೆಲೇ ನಿಲ್ಲಿಸಬಾರದಂತೆ. ದಿನ ದಿನಕ್ಕೂ ಇಳಿಸುತ್ತಾ ಬರಬೇಕಂತೆ. ಹೇಗೆ ಇಳಿಸಬೇಕೆಂದು ಬರೆದುಕೊಟ್ಟರು.

ವಾಪಸು ಬಂದು ನನ್ನನ್ನು ಒಂದೇ ಪ್ರಶ್ನೆ ಕೇಳಿದರು: "ಇಂಥದ್ದು ಇನ್ನೆಷ್ಟಿದೆ?"

"ಇದೊಂದೇ" ಅಂದೆ.

ಜೂನ್ ೬, ಶುಕ್ರವಾರ

ಮೂವತ್ತೊಂದು. ಅನುಮಾನದ ಪುಸ್ತಕದಲ್ಲಿ ಅಕ್ಕನ ಸಹಿ ಇಲ್ಲದ ಸಾಲುಗಳು ಮೂವತ್ತೊಂದು.

ಇದೊಂದೇ ಅಂದೆನಲ್ಲ! ನಾಲಿಗೆ ಒಂದು ಚೂರಾದರೂ ತಡವರಿಸಬೇಡವೇ?

ಜೂನ್ ೭, ಶನಿವಾರ

ಹೇಳಿದೆ.

ಮಧ್ಯಾಹ್ನ ಕೊನೆಯ ರೋಗಿ ಹೋದ ಮೇಲೆ ಅಕ್ಕನ ಕೋಣೆಗೆ ಹೋಗಿ ರೋಗಿಗಳ ಸ್ಟೂಲಿನ ಮೇಲೆ ಕುಳಿತೆ. ಇಷ್ಟು ವರ್ಷದಲ್ಲಿ ಆ ಸ್ಟೂಲಿನಲ್ಲಿ ಕುಳಿತದ್ದು ಇದೇ ಮೊದಲು. ಅಲ್ಲಿಂದ ಅಕ್ಕ ಬಹಳ ಎತ್ತರದಲ್ಲಿ ಕಾಣುತ್ತಾಳೆ. ಹೆಸರಿಲ್ಲದ ಫೈಲು, ಅನುಮಾನದ ಪುಸ್ತಕ, ತಾತನ ಚೀಟಿ, ಮೂರನ್ನೂ ಮೇಜಿನ ಮೇಲಿಟ್ಟೆ.

ಫೈಲು ನೋಡಿ ಅಕ್ಕ ಗಾಬರಿಯಾಗಲಿಲ್ಲ. "ಸಿಕ್ತಾ?" ಅಂದಳು. "ಕೂಗಾಡಿ ಆಯ್ತಾ?"

"ಬಾಗಿಲ ಮೇಲೆ ಕೂಗಾಡ್ದೆ."

"ಅದಕ್ಕೇ ಅಂದ್ಕೊಂಡೆ." ನಕ್ಕಳು. ಆಮೇಲೆ ಪುಸ್ತಕ ತೆರೆದಳು. ನಗು ಎಲ್ಲಿಗೆ ಹೋಯಿತೋ. ಒಂದೊಂದೇ ಸಾಲಿನ ಮೇಲೆ ಬೆರಳಿಡುತ್ತಾ ಹೋದಳು. ನನಗೆ ಆ ಬೆರಳನ್ನು ನೋಡಲಾಗಲಿಲ್ಲ.

"ಎಷ್ಟೇ ಇವು?"

"ಮೂವತ್ತೊಂದು. ಅವನ್ನೆಲ್ಲ ನಾನು ತಿದ್ದಿ ಕೊಟ್ಟೆ ಅಕ್ಕ. ಯಾರಿಗೂ ಏನೂ ಆಗಿಲ್ಲ. ಇದೊಂದು ಮಾತ್ರ, ನಾನಿಲ್ಲದಾಗ..." ತಾತನ ಚೀಟಿ ಮುಂದೆ ತಳ್ಳಿದೆ. ಎಲ್ಲವನ್ನೂ ಹೇಳಿದೆ: ನಿದ್ದೆ, ಮುಂದಿನ ಹಂತ ಎಂದು ಅವಳೇ ಬರೆದದ್ದು, ಆರೈಕೆ ಮನೆ.

ಅಕ್ಕ ಚೀಟಿಯನ್ನು ಬೆಳಕಿಗೆ ಹಿಡಿದಳು. ತನ್ನದೇ ಅಕ್ಷರವೇ ಎಂದು ಎರಡು ಸಲ ನೋಡಿದಳು. "ನಾನು ಅವರ ಮನೇಗೆ ಹೋಗಿದ್ನಲ್ಲೇ," ಅಂದಳು. "ಮಂಚದ ಪಕ್ಕ ನಿಂತು ನೋಡಿದ್ನಲ್ಲ. ನಾನೇ ಕೊಟ್ಟ ಮಾತ್ರೆ ಅಂತ ನಂಗೆ ಹೊಳೀಲಿಲ್ವಲ್ಲೇ."

ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡಳು. ನಾನು ಅತ್ತುಬಿಟ್ಟೆ. ನಿನ್ನ ಮುಖ ಸಣ್ಣದಾಗೋದನ್ನ ನೋಡೋಕಾಗಲ್ಲ ಅಂತ ಸುಮ್ಮನಿದ್ದೆ ಅಕ್ಕ, ಅಂದೆ.

"ಇಡೀ ಜನ್ಮಕ್ಕೆ ಇದೊಂದು ಸಲ ಸುಮ್ನಿದ್ಯಲ್ಲೇ," ಅಂದಳು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. "ಬೇರೆ ಯಾವುದನ್ನೂ ನಂಬ್ಲಿಲ್ಲ ನಾನು. ಟೆಸ್ಟು ನಂಬ್ಲಿಲ್ಲ, ನನ್ನ ತಲೆ ನಂಬ್ಲಿಲ್ಲ. ನಿನ್ನ ಬಾಯಿ ನಂಬಿದ್ದೆ ಕಣೇ."

ಆ ಮಾತು ಇನ್ನೂ ಕಿವಿಯಲ್ಲಿದೆ.

ಚೀಟಿ ಪುಸ್ತಕವನ್ನು ನನ್ನ ಕೈಗೆ ಕೊಟ್ಟಳು. ಫೈಲಿನಲ್ಲಿ ‘ಕೌಂಟರ್ ಇವತ್ತು ಹೇಳಿತು. ಇವತ್ತಿಗೆ ನಿಲ್ಲಿಸಿದ್ದೇನೆ’ ಎಂದು ಬರೆದು ತಾರೀಖು ಹಾಕಿದಳು. ಚಿಕ್ಕ ಡಾಕ್ಟರಿಗೆ ಫೋನು ಮಾಡಿ ಮೂವತ್ತೊಂದು ಅಂತ ತಾನೇ ಹೇಳಿದಳು. ಎಲ್ಲಾ ಮುಗಿಯಿತು ಅಂದುಕೊಂಡೆ.

ಜೂನ್ ೯, ಸೋಮವಾರ

ಮುಗಿದಿರಲಿಲ್ಲ.

ಬೆಳಿಗ್ಗೆ ಒಂಬತ್ತಕ್ಕೆ ನಾನು ಕ್ಲಿನಿಕ್ಕಿಗೆ ಬಂದಾಗ ಅಕ್ಕ ಆಗಲೇ ತನ್ನ ಕುರ್ಚಿಯಲ್ಲಿದ್ದಳು. ಬೀರುವಿನಿಂದ ಹೊಸ ಚೀಟಿ ಪುಸ್ತಕ ತೆಗೆದುಕೊಂಡಿದ್ದಳು. ಎದುರಿಗೆ ಕೆಮ್ಮುತ್ತಿದ್ದ ಬಸ್ ಡ್ರೈವರ್. ಅಕ್ಕನ ಪೆನ್ನು ಕಾಗದದ ಮೇಲೆ ಓಡುತ್ತಿತ್ತು. "ಎಲ್ಲಿಗೆ ಹೋಗಿದ್ಯೇ ಪಟಾಕಿ, ಎಷ್ಟು ಹೊತ್ತಿಗೆ ಬರೋದು?" ಅಂದಳು.

ಶನಿವಾರದ್ದು ಒಂದೂ ನೆನಪಿಲ್ಲ.

ಅವಳ ಯೋಜನೆಯ ಇನ್ನೊಂದು ಸಾಲು ನನಗೆ ಗೊತ್ತಿತ್ತು: "ಕೆಟ್ಟ ಸುದ್ದಿಯನ್ನು ನನಗೆ ಒಂದೇ ಸಲ ಹೇಳಿ. ಮರೆತರೆ ಮರೆಯಲಿ ಬಿಡಿ." ಒಂದು ಕಡೆ ಆ ಸಾಲು, ಇನ್ನೊಂದು ಕಡೆ ಡ್ರೈವರ್ ಕೈಗೆ ಬರುತ್ತಿರುವ ಚೀಟಿ. ಚೀಟಿ ಇಸಿದುಕೊಂಡು ಕೌಂಟರಿಗೆ ಹೋಗಿ ಪೆನ್ಸಿಲಿನಲ್ಲಿ ತಿದ್ದಿಬಿಟ್ಟರಾಯಿತು. ಯಾರಿಗೂ ಗೊತ್ತಾಗುವುದಿಲ್ಲ. ಕೈ ಆಗಲೇ ಪೆನ್ಸಿಲಿಗೆ ಹೋಗಿತ್ತು, ಥೂ!

ಡ್ರೈವರನ್ನು ಹೊರಗೆ ಕೂರಿಸಿದೆ. ಬಾಗಿಲು ಹಾಕಿದೆ. ಮತ್ತೆ ಹೇಳಿದೆ, ಎಲ್ಲವನ್ನೂ, ಮೊದಲಿನಿಂದ. ಅವಳದೇ ಕೈಬರಹ ತೋರಿಸಿದೆ. ಅವಳ ಮುಖ ಮತ್ತೆ ಮೊದಲ ಸಲದ ಹಾಗೇ ಬಿಳುಚಿತು. ಅದೇ ಪ್ರಶ್ನೆ: ಎಷ್ಟೇ ಇವು? ಅದೇ ಮಾತು: ನಾನು ಅವರ ಮನೇಗೆ ಹೋಗಿದ್ನಲ್ಲೇ. ಒಬ್ಬರನ್ನು ಒಂದೇ ಕತ್ತಿಯಿಂದ ಎರಡು ಸಲ ಕುಯ್ದ ಹಾಗಾಯಿತು ನನಗೆ.

ಡ್ರೈವರನ್ನು ಸಂಜೆ ಬರುವಂತೆ ಕಳಿಸಿದೆ. ಬೀರುವಿನ ಬೀಗದ ಕೈ ನನ್ನ ಸೊಂಟದಲ್ಲಿದೆ.

ಜೂನ್ ೧೦, ಮಂಗಳವಾರ

ಮೂರನೇ ಸಲ ಹೇಳಿದೆ. ಇವತ್ತು ಅಕ್ಕ ಅಳಲಿಲ್ಲ, ನಾನೂ ಅಳಲಿಲ್ಲ. ಅವಳು ಕೇಳಿದಳು: "ತಾತನ ಮನೆಯವರಿಗೆ ಯಾರು ಹೇಳಿದ್ರು?"

"ಮಾತ್ರೆ ಜಾಸ್ತಿಯಾಗಿತ್ತು ಅಂತ ಚಿಕ್ಕ ಡಾಕ್ಟರು ಹೇಳಿದಾರೆ."

"ಯಾರ ತಪ್ಪು ಅಂತ?"

"ಅದನ್ನ ಇನ್ನೂ ಹೇಳಿಲ್ಲ."

"ನನ್ನ ಕರ್ಕೊಂಡು ಹೋಗು. ಮರ್ಯೋದ್ರೊಳಗೆ."

ಜೂನ್ ೧೨, ಗುರುವಾರ

ಹೋದೆವು. ಅವರ ಮನೆ ಅಂಗಡಿಯ ಹಿಂದೆಯೇ. ಬಾಗಿಲ ಹತ್ತಿರ ಅಕ್ಕ ನಿಂತು, "ಏನು ಹೇಳ್ಬೇಕು, ಇನ್ನೊಂದು ಸಲ ಹೇಳು" ಅಂದಳು. ಹೇಳಿದೆ. ತಲೆ ಆಡಿಸಿದಳು.

ತಾತ ಮಂಚದ ಮೇಲೆ ದಿಂಬಿಗೆ ಒರಗಿದ್ದರು. ಕಣ್ಣು ಬಿಟ್ಟಿದ್ದರು! ಒಂದು ವಾರ ಮಾತ್ರೆ ಇಳಿಸಿದ್ದಕ್ಕೇ ಇಷ್ಟು. ನನ್ನ ತಲೆ ನೋಡಿ "ಬೈತಲೆ ಸೊಟ್ಟ" ಅಂದರು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಅಕ್ಕ ಕುಳಿತುಕೊಳ್ಳಲಿಲ್ಲ. "ಇವರ ಕಾಯಿಲೆ ಹೆಚ್ಚಾಗಿರ್ಲಿಲ್ಲ," ಅಂತ ತಾತನ ಮಗನಿಗೆ ಹೇಳಿದಳು. "ನಾನು ಚೀಟಿ ತಪ್ಪು ಬರೆದೆ. ಅದರಿಂದ ನಿದ್ದೆ. ಆಮೇಲೆ ಆ ನಿದ್ದೆ ನೋಡಿ ಕಾಯಿಲೆ ಹೆಚ್ಚಾಯ್ತು ಅಂತ ಬರೆದೆ. ಎರಡೂ ನನ್ನ ತಪ್ಪು. ನಿಮ್ಮ ತಂದೆಗಿರೋ ಕಾಯಿಲೇನೇ ನನಗೂ ಇದೆ."

"ನನ್ನ ತಪ್ಪೂ ಇದೆ," ಅಂದೆ ನಾನು. "ನಂಗೆ ಗೊತ್ತಿತ್ತು. ಹೇಳಿರ್ಲಿಲ್ಲ."

ಅಜ್ಜಿಯ ಕೈಯಲ್ಲಿದ್ದ ಲೋಟ ಓರೆಯಾಗಿ ನೀರು ನೆಲದ ಮೇಲೆ ಸುರಿಯಿತು, ಅವರು ನೋಡಲೂ ಇಲ್ಲ. ಮಗ ನಿಧಾನವಾಗಿ ಮಾತಾಡುವ ಮನುಷ್ಯ. ಇವತ್ತು ಅವನ ಕತ್ತಿನ ನರ ಉಬ್ಬಿತ್ತು.

"ಕುರ್ಚಿ ಕೊಟ್ಬಿಟ್ಟೆ ನಾನು," ಅಂದ. "ಅಪ್ಪ ಇನ್ನು ಅಂಗಡಿಗೆ ಬರಲ್ಲ ಅಂತ ನೀವೇ ಬರೆದ್ರಲ್ಲ. ಕಣ್ಮುಂದೆ ಇದ್ರೆ ಸಂಕಟ ಅಂತ ಗುಜರಿಗೆ ಹಾಕ್ದೆ. ಒಡೆದು ಕರಗಿಸಿರ್ತಾರೆ ಇಷ್ಟೊತ್ತಿಗೆ. ಅಪ್ಪ ಒಂದೇ ಒಂದು ಕೇಳಿದ್ದು. ಅದನ್ನೇ ತೆಗೆದೆ ನಾನು."

ಅಕ್ಕ ಅವನ ಕೈ ಹಿಡಿಯಲು ಹೋದಳು. ಅವನು ಕೈ ಎಳೆದುಕೊಂಡ. ಸರಿಯೇ ಮಾಡಿದ. ನಾನಾಗಿದ್ದರೆ ಬಾಗಿಲಾಚೆಗೆ ದಬ್ಬುತ್ತಿದ್ದೆ.

ಆರೈಕೆ ಮನೆಗೆ ಕಳಿಸುವುದಿಲ್ಲವಂತೆ. ಬರುವಾಗ ಅಜ್ಜಿ ಬಾಗಿಲವರೆಗೂ ಬಂದರು. ಅಕ್ಕನನ್ನಲ್ಲ, ನನ್ನನ್ನು ನೋಡಿ ಹೇಳಿದರು: "ಡಾಕ್ಟರಮ್ಮನಿಗೆ ಕಾಯ್ಲೆ. ನಿಂಗೇನಾಗಿತ್ತಮ್ಮ?"

ಜೂನ್ ೧೩, ಶುಕ್ರವಾರ

ಚಿಕ್ಕ ಡಾಕ್ಟರೂ ನಾನೂ ಮೂವತ್ತೊಂದು ಜನರಿಗೂ ಒಬ್ಬೊಬ್ಬರಿಗೇ ಫೋನು ಮಾಡುತ್ತಿದ್ದೇವೆ. ಎಲ್ಲರನ್ನೂ ಕರೆಸಿ ಮತ್ತೆ ಪರೀಕ್ಷೆ. ಹತ್ತೊಂಬತ್ತು ಜನ ಬಂದು ಹೋದರು. ಕೆಲವರು ಬೈದರು, ಒಬ್ಬಾಕೆ ಇನ್ನು ಈ ಕ್ಲಿನಿಕ್ಕಿಗೆ ಕಾಲಿಡುವುದಿಲ್ಲ ಅಂದಳು. ಎದುರುತ್ತರ ಕೊಡಲಿಲ್ಲ. ಗಂಟಲು ಕೆಟ್ಟಿದೆಯೋ ಏನೋ, ಈಚೆಗೆ ಕೂಗಲು ಧ್ವನಿಯೇ ಬರುತ್ತಿಲ್ಲ.

ಅನುಮಾನದ ಪುಸ್ತಕದಲ್ಲಿ ಚಿಕ್ಕ ಡಾಕ್ಟರ ಮೊದಲ ಸಹಿ ಬಿತ್ತು. ನಾಲ್ಕರಲ್ಲಿ ಮೂರು ಅನುಮಾನ ನನ್ನದೇ ತಪ್ಪು. ಇರಲಿ.

ಜೂನ್ ೨೧, ಶನಿವಾರ

ತಾತ ಅಂಗಡಿಗೆ ಬಂದರು. ಬಾಚಣಿಗೆ ಜೇಬಿನಲ್ಲೇ ಇತ್ತು. ಒಳಗೆ ಹೋಗಿ ಕುರ್ಚಿ ಇದ್ದ ಜಾಗದಲ್ಲಿ ನಿಂತು ಸುತ್ತ ನೋಡಿದರು. "ನನ್ನ ಕುರ್ಚಿ ಎಲ್ಲಿ?" ಮಗ ಏನೋ ಹೇಳಿದ. ಎರಡು ನಿಮಿಷದ ಮೇಲೆ ಮತ್ತೆ, "ನನ್ನ ಕುರ್ಚಿ ಎಲ್ಲಿ?" ನಾಲ್ಕನೇ ಸಲಕ್ಕೆ ಮಗ ಅಂಗಡಿಯಿಂದ ಹೊರಗೆ ಬಂದು ರಸ್ತೆ ಕಡೆ ಮುಖ ಮಾಡಿ ನಿಂತ.

ಅಕ್ಕ ಕ್ಲಿನಿಕ್ಕಿನ ಬೆಂಚಿನ ಮೇಲೆ ನನ್ನ ಪಕ್ಕ ಕುಳಿತು ಇದನ್ನೆಲ್ಲ ನೋಡುತ್ತಿದ್ದಳು. ಈಗ ಅವಳ ಕೆಲಸ ಅಲ್ಲಿ. ಬಂದವರ ಪಕ್ಕ ಕುಳಿತು ಅವರ ಮಾತು ಕೇಳುತ್ತಾಳೆ. ಮೊದಲು ಹತ್ತು ನಿಮಿಷ ಕೇಳುತ್ತಿದ್ದದ್ದನ್ನು ಈಗ ಅರ್ಧ ಗಂಟೆ ಕೇಳುತ್ತಾಳೆ. ಜನ ಒಳಗೆ ಹೋಗುವುದನ್ನೇ ಮರೆಯುತ್ತಾರೆ.

"ನನ್ನ ಕುರ್ಚಿ ಕೊಟ್ಬಿಡೋಣ," ಅಂದಳು.

ಹಾರಿಬಿದ್ದೆ. ಆ ಗಾಲಿ ಕುರ್ಚಿ! ಮೂವತ್ತು ವರ್ಷ ಅವಳು ಕುಳಿತದ್ದು. ಎಡಗೈಯ ಕಡೆ ಬಟ್ಟೆ ಸವೆದು ಎರಡು ಸಲ ನಾನೇ ಹೊಲಿದಿದ್ದೇನೆ. "ಅದು ನಿಂದು ಅಕ್ಕ!"

"ನಂದು ಅಂತ್ಲೇ ಬೆಳಿಗ್ಗೆ ಬೆಳಿಗ್ಗೆ ಹೋಗಿ ಕೂರ್ತೀನಿ. ಇಲ್ದೇ ಇದ್ರೆ ಕೂರಲ್ಲ. ನೀನು ದಿನಾ ಹೇಳೋದೂ ತಪ್ಪುತ್ತೆ."

ಒಂದೊಂದು ಸಲ ಎಷ್ಟು ಸ್ಪಷ್ಟ ಇರುತ್ತಾಳೆಂದರೆ ಮೈ ಜುಂ ಅನ್ನುತ್ತದೆ. ನಾನೂ ತಾತನ ಮಗನೂ ಸೇರಿ ಕುರ್ಚಿಯನ್ನು ರಸ್ತೆ ದಾಟಿಸಿದೆವು. ಅವನು ನನ್ನ ಮುಖ ನೋಡಲಿಲ್ಲ, ಭಾರ ಇರುವ ಕಡೆಯನ್ನು ಮಾತ್ರ ತಾನೇ ಹಿಡಿದುಕೊಂಡ.

ತಾತ ಕುರ್ಚಿಯನ್ನು ಒಂದು ಸುತ್ತು ಹಾಕಿ ನೋಡಿ, "ಇದು ಡಾಕ್ಟರದ್ದು, ಬೈತಾರೆ" ಅಂತ ದೂರ ನಿಂತರು.

ಜೂನ್ ೨೪, ಮಂಗಳವಾರ

ತಾತ ಇನ್ನೂ ಆ ಕುರ್ಚಿ ಮುಟ್ಟಿಲ್ಲ. ಅಕ್ಕ ಬೆಳಿಗ್ಗೆ ಒಂಬತ್ತಕ್ಕೆ ತನ್ನ ಕೋಣೆಗೆ ಹೋದಳು, ಖಾಲಿ ಜಾಗ ನೋಡಿದಳು, ಹೊರಗೆ ಬಂದು ಬೆಂಚಿನ ಮೇಲೆ ಕುಳಿತಳು. ಏನೂ ಕೇಳಲಿಲ್ಲ. ನಾನೂ ಹೇಳಬೇಕಾಗಲಿಲ್ಲ.

ಜೂನ್ ೩೦, ಸೋಮವಾರ

ಅಕ್ಕ ತಾನೇ ಹೋಗಿ ಆ ಕುರ್ಚಿಯಲ್ಲಿ ಕುಳಿತು "ಬಾಚಿ ತಾತ, ನಾನು ಬೈಯಲ್ಲ" ಅಂದಳಂತೆ. ಬಾಚಿಸಿಕೊಂಡು ಬಂದಳು. ಬೈತಲೆ ನೂಲು ಹಿಡಿದಷ್ಟು ನೇರ.

ಸೆಪ್ಟೆಂಬರ್ ೨, ಮಂಗಳವಾರ

ಮತ್ತೆ ಹಸಿರು ದಾರದ ದಿನ. ಹದಿನೆಂಟು ಫೈಲು ತೆಗೆದೆ. ಹದಿನೇಳು ಚಿಕ್ಕ ಡಾಕ್ಟರಿಗೆ. ಹದಿನೆಂಟನೆಯದನ್ನು ನಾನು ಓದುತ್ತೇನೆಂದು ಕೇಳಿಕೊಂಡಿದ್ದೆ. ಜೂನ್‌ನಿಂದ ಅದರ ಮೇಲೂ ಒಳಗಿನ ಪುಟದಲ್ಲೂ ಹೆಸರಿದೆ. ಬರೆದದ್ದು ನಾನೇ.

ಮಧ್ಯಾಹ್ನ ಅಕ್ಕನನ್ನು ಕಿಟಕಿ ಪಕ್ಕ ಕೂರಿಸಿ ಓದಿದೆ. ನಿಯಮದಂತೆ ನಿಧಾನವಾಗಿ, ಸಾಲು ಸಾಲಾಗಿ. ಕನ್ನಡಕ ತೆಗೆದು, ಕಣ್ಣು ಮುಚ್ಚಿ ಕೇಳಿದಳು. ರೋಗಿಗಳ ಮಾತನ್ನು ಕೇಳುತ್ತಿದ್ದದ್ದೂ ಹೀಗೇ. ಕೌಂಟರಿನ ಸಾಲು ಬಂದಾಗ ಹುಬ್ಬು ಗಂಟಿಕ್ಕಿದಳು. ಪಟಾಕಿ ಅಂದಾಗ ಮಾತ್ರ ನಸುನಕ್ಕಳು, ಆದರೆ ನನ್ನ ಕಡೆ ನೋಡಲಿಲ್ಲ.

ಓದಿ ಮುಗಿಸಿದೆ. ಕಣ್ಣು ಬಿಟ್ಟು ಕೇಳಿದಳು: "ಚೆನ್ನಾಗಿ ಹೇಳಿದಾರೆ. ಯಾರೇ ಇವರು?"

ಬೆಳಿಗ್ಗೆಯಷ್ಟೇ ಚೀಟಿಯಲ್ಲಿ ನಾನು ಓದಲಾಗದ ಒಂದು ಪದವನ್ನು ಓದಿ ಹೇಳಿದ್ದಳು. ಇಂಥ ದಿನ ಬರುತ್ತದೆಂದು ಗೊತ್ತಿತ್ತು, ಇಷ್ಟು ಬೇಗ ಅಂತ ಗೊತ್ತಿರಲಿಲ್ಲ. ಕೆಟ್ಟ ಸುದ್ದಿ ಒಂದೇ ಸಲ ಅಂತ ಆ ಪುಟದಲ್ಲೇ ಬರೆದಿದೆ, ನಾನೇ ಈಗ ತಾನೇ ಓದಿದ್ದೇನೆ. ಹೊರಗೆ ಯಾವ ಡ್ರೈವರೂ ಕಾಯುತ್ತಿರಲಿಲ್ಲ. ಹೇಳದಿದ್ದರೆ ಯಾರ ಪ್ರಾಣಕ್ಕೂ ಅಪಾಯವಿರಲಿಲ್ಲ.

ನಾನು ಬಾಯಿ ತೆರೆಯುವುದರೊಳಗೆ ಅವಳೇ ಕೇಳಿದಳು: "ಆ ತಂಗಿ ಹೇಳಿದ್ಲಾ, ತಪ್ಪಾಗ್ತಿದೆ ಅಂತ?"

"ಹೇಳಿದ್ಲು. ತಡವಾಗಿ."

"ಹೇಳಿದ್ಲಲ್ಲ, ಸದ್ಯ." ದೊಡ್ಡ ಉಸಿರು ಬಿಟ್ಟಳು. "ಇಂಥವರಿಗೆ ಒಬ್ರಾದ್ರೂ ಹೇಳೋರು ಬೇಕು ನೋಡು. ಈಗಲೂ ಇದೆಲ್ಲ ಸರೀನಾ ಅಂತ ಕೇಳಿದ್ಯಾ ಅವರನ್ನ?"

"ನೀನೇ ಹೇಳು ಅಕ್ಕ. ಸರೀನಾ?"

"ಸರಿ ಇದೆ. ಕೊಡು ಸಹಿ ಹಾಕ್ತೀನಿ."

ಈ ಸಲದ ಸಹಿಗೆ ಹೊಸ ಎರಡು ಗೆರೆಗಳಿದ್ದವು. ಪೆನ್ನು ಕೊಟ್ಟೆ. ಮೂವತ್ತು ವರ್ಷದ ಅಭ್ಯಾಸ, ಕೈ ತಾನಾಗಿ ಕೆಳಗಿನ ಗೆರೆಗೆ ಹೋಯಿತು, ಡಾಕ್ಟರ ಸಹಿಯ ಗೆರೆಗೆ. ನಿಬ್ಬು ಕಾಗದಕ್ಕೆ ತಾಗಿತು. ಸುಮ್ಮನಿದ್ದುಬಿಡಬಹುದಿತ್ತು. ಆಮೇಲೆ ಚಿಕ್ಕ ಡಾಕ್ಟರಿಗೆ ಹೇಳಿ ಬೇರೆ ಹಾಳೆ ಹಾಕಿದರೆ ಆಗುತ್ತಿತ್ತು, ಅವಳಿಗೆ ಗೊತ್ತೇ ಆಗುತ್ತಿರಲಿಲ್ಲ.

"ಅಕ್ಕ," ಅಂದೆ, "ಅಲ್ಲಲ್ಲ. ಮೇಲಿನ ಗೆರೆ."

ಪೆನ್ನು ನಿಂತಿತು. ಅಕ್ಕ ಮೇಲಿನ ಗೆರೆ ನೋಡಿದಳು. ಅದರ ಕೆಳಗಿನ ಸಣ್ಣ ಅಕ್ಷರ ಓದಿದಳು. ಪುಟದ ಮೇಲಿನ ತುದಿಗೆ ಹೋಗಿ ಹೆಸರು ಓದಿದಳು. ಆ ಬಿಳುಚಿದ ಮುಖ ಮತ್ತೆ ಬಂತು. ಈ ಸಲ ನಾನು ಕಣ್ಣು ತಪ್ಪಿಸಲಿಲ್ಲ, ಅವಳ ಮೊಣಕೈ ಹಿಡಿದುಕೊಂಡು ನೋಡುತ್ತಲೇ ಇದ್ದೆ. ಎಷ್ಟು ಹೊತ್ತೋ. ಎದುರಿನ ಅಂಗಡಿಯಲ್ಲಿ ತಾತ ಯಾರಿಗೋ ಕನ್ನಡಿ ತೋರಿಸುತ್ತಿದ್ದರು.

"ಇದನ್ನ ನನಗೆ ಮೊದಲೂ ಹೇಳಿದ್ಯಾ?" ಅಂದಳು.

"ಹೇಳಿದೀನಿ."

"ಇನ್ಮೇಲೂ ಹೇಳ್ತೀಯಾ?"

"ತಪ್ಪಾದಾಗ ಹೇಳ್ತೀನಿ ಅಕ್ಕ."

ಒಂದೇ ಸಲ ಎಂಬ ಸಾಲನ್ನು ಹುಡುಕಿ ಅದರ ಮೇಲೆ ಅಡ್ಡಗೆರೆ ಎಳೆದಳು. ಆಮೇಲೆ ಮೇಲಿನ ಗೆರೆಯಲ್ಲಿ ಸಹಿ ಹಾಕಿ, ಕೆಳಗಿನದನ್ನು ಖಾಲಿ ಬಿಟ್ಟು, ಫೈಲನ್ನು ನನ್ನ ಕೈಗೆ ಕೊಟ್ಟಳು.